ಬೆನ್ನ ಮೇಲಿನ ಚೀಟಿ

ಒಬ್ಬ ಮೇಷ್ಟರ ಅನ್ನದ ವಿಷಯವನ್ನು ನಗೆಯ ಕತೆ ಮಾಡಿ ಹೇಳುವುದು ತಪ್ಪು. ಗೊತ್ತಿದ್ದೂ ಹೇಳುತ್ತಿದ್ದೇನೆ, ಕ್ಷಮಿಸಬೇಕು. ಇದಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಚೀಟಿ.

ಸಿಕಾಸೋ ಎಂಬ ಊರಿನ ಶಾಲೆಯಲ್ಲಿ ಬ್ರೇಮಾ ದೆಂಬೆಲೆ ಇಂಗ್ಲಿಷ್ ಮೇಷ್ಟರು. ಮೂರು ವರ್ಷದಿಂದ ಹಂಗಾಮಿ. ಇನ್‌ಸ್ಪೆಕ್ಟರು ಒಳ್ಳೆಯ ವರದಿ ಬರೆದರೆ ಕಾಯಂ. ಕಾಯಂ ಆದರೆ ಮದುವೆ. ಅಲ್ಲಿಯವರೆಗೆ ಅಂಗಳಕ್ಕೆ ಕಾಲಿಡಬೇಡ ಎಂದು, ಅವನು ಮದುವೆಯಾಗಬೇಕೆಂದಿದ್ದ ಹುಡುಗಿ ನಾಞುಮಾಳ ಅಪ್ಪ ಖಡಾಖಂಡಿತವಾಗಿ ಹೇಳಿದ್ದ.

ಆ ಬೆಳಿಗ್ಗೆ ಹೆಡ್‌ಮಿಸ್ ಸನೋಗೊ ಬಾಗಿಲಲ್ಲೇ ತಡೆದರು. "ಇನ್‌ಸ್ಪೆಕ್ಟರು ಇವತ್ತೇ ಬರ್ತಾರಂತೆ. ಹೆಸರು ಜಾರಾ."

ಬ್ರೇಮಾ ಹಣೆ ಬಡಿದುಕೊಂಡ. ಜಾರಾ ಮನೆತನದವರಿಗೂ ದೆಂಬೆಲೆ ಮನೆತನದವರಿಗೂ ಮುತ್ತಜ್ಜಂದಿರ ಕಾಲದಿಂದ ಗೇಲಿಯ ನಂಟು. ಎದುರಾದರೆ ಗುಲಾಮ, ಅವರೆಬಾಕ ಎಂದು ಬಯ್ಯಲೇಬೇಕು, ಬಯ್ಯಿಸಿಕೊಂಡವನು ನಗಲೇಬೇಕು; ಅವರ ನಡುವಿನ ಮಾತನ್ನು ಯಾರೂ ನಿಜವೆಂದು ಹಿಡಿಯುವುದಿಲ್ಲ.

"ಇವತ್ತು ನಿನ್ನ ಆಟಗೀಟ ಬೇಡ ಕಣಯ್ಯ," ಎಂದ ಪಕ್ಕದ ತರಗತಿಯ ಚರಿತ್ರೆ ಮೇಷ್ಟ್ರು ತೊಗೊಲಾ. "ಅದು ಪಾಠಾನೋ, ಮದುವೆ ದಿಬ್ಬಣಾನೋ? ಬೋರ್ಡ್ ತುಂಬಾ ಬರಿ, ಕೈ ಕಟ್ಟಿ ನಿಂತ್ಕೋ."

ಆಟ ಆಡಿಸುವುದು ಪಾಠವೇ ಹೌದೇ ಎಂಬ ಅನುಮಾನ ಬ್ರೇಮಾನಿಗೂ ಇತ್ತು. ಬೋರ್ಡು ತುಂಬಿಸಿದ. ಎಂಬತ್ತಮೂರು ಮಕ್ಕಳು ಮಧ್ಯಾಹ್ನದ ಮೇಕೆಗಳಂತೆ ತೂಕಡಿಸಿದರು. ಹಿಂದಿನ ಬೆಂಚಿನಲ್ಲಿ ಕೂತ ಜಾರಾ ಸಾಹೇಬರೂ ಆಕಳಿಸಿದರು. ಆ ಆಕಳಿಕೆಯಲ್ಲಿ ತನ್ನ ಮದುವೆ ಮುಳುಗಿಹೋಗುವುದು ಬ್ರೇಮಾನಿಗೆ ಕಂಡಿತು. "ಚೀಟಿ ಆಟ!" ಎಂದುಬಿಟ್ಟ.

ಎಲ್ಲರ ಬೆನ್ನಿಗೂ ಒಂದೊಂದು ಚೀಟಿ. ತನ್ನ ಬೆನ್ನಿನ ಚೀಟಿಯಲ್ಲಿ ಏನಿದೆ ಎಂದು ಇಂಗ್ಲಿಷಿನಲ್ಲೇ ಕೇಳುತ್ತ ಕಂಡುಹಿಡಿಯಬೇಕು. ಉತ್ತರ ಹೌದು, ಇಲ್ಲ, ಎರಡೇ. ತರಗತಿ ಜೇನುಗೂಡಾಯಿತು. ಯಾರನ್ನೂ ಬಿಡಬಾರದು ಎಂಬ ಶಿಸ್ತಿನ ಹುಡುಗಿ ತೆನಿನ್, ಸಾಹೇಬರ ಬೆನ್ನಿಗೂ ಒಂದನ್ನು ಅಂಟಿಸಿದಳು. ಬ್ರೇಮಾ ಓದಿದ: ಕತ್ತೆ.

ಕಿತ್ತುಹಾಕಲು ಧಾವಿಸುವಷ್ಟರಲ್ಲಿ ಸಾಹೇಬರು ಎದ್ದು ನಿಂತಿದ್ದರು.

"ನಾನು ಕಷ್ಟಪಟ್ಟು ದುಡೀತೀನಾ?"

"ಹೌದು!"

"ಜನ ನನಗೆ ಮರ್ಯಾದೆ ಕೊಡ್ತಾರಾ?"

"ಇಲ್ಲ!"

"ಕಿವಿ ದೊಡ್ಡದಾ?"

"ಹೌದೂ!" ಛಾವಣಿಯ ತಗಡು ಅದುರಿತು.

"ಗೊತ್ತಾಯ್ತು ಬಿಡಿ. ನಾನೊಬ್ಬ ದೆಂಬೆಲೆ!"

ಇಂಥ ಮಾತಿಗೆ ಉತ್ತರ ಕೊಡದಿದ್ದರೆ ಸತ್ತ ಅಜ್ಜಂದಿರು ಮೆಚ್ಚುವುದಿಲ್ಲ. ಬ್ರೇಮಾನ ಬಾಯಿ ತಾನಾಗಿಯೇ ತೆರೆಯಿತು. "ಅಲ್ಲ ಸಾರ್, ಕತ್ತೆ. ಆದ್ರೂ ಜಾರಾಗಳಿಗಿಂತ ವಾಸಿ. ಮೂಟೆ ಅವರೆಕಾಳು ಹೊರುತ್ತೆ, ದಾರೀಲಿ ತಿನ್ನೋದಿಲ್ಲ."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಬಳಿಕ ಗಂಭೀರವಾಗಿ ಕೂತು ವರದಿ ಬರೆದರು: 'ಇಪ್ಪತ್ತು ವರ್ಷದಲ್ಲಿ ಇಂಥ ಪಾಠ ನೋಡಿಲ್ಲ. ಕೂಡಲೇ ಕಾಯಂ ಮಾಡುವುದು.'

ಬ್ರೇಮಾ ವರದಿ ಹಿಡಿದು ರೆಕ್ಕೆ ಬಂದವನಂತೆ ಹೆಡ್‌ಮಿಸ್ಸಿನ ಕೋಣೆಗೆ ಹಾರಿದ. ಅವರು ಓದಿದರು, ಮತ್ತೊಮ್ಮೆ ಓದಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಬ್ಬಾ, ಎಂಥಾ ಗೇಲಿ ಮಾಡಿದಾರೆ! ಜಾರಾ ಒಬ್ಬ ದೆಂಬೆಲೇನ ಹೊಗಳೋದು ಅಂದ್ರೆ!"

"ಮೇಡಂ, ಅದು ನಿಜ..."

"ನಿಜವಾ? ತಡೀರಿ." ಮೇಲಿನ ಕಚೇರಿಗೆ ಫೋನ್ ಮಾಡಿ ಓದಿ ಹೇಳಿದರು. ಆ ಕಡೆಯ ಗಹಗಹ ತೊಗೊಲಾನ ತರಗತಿಗೂ ಕೇಳಿಸಿತು.

ಬ್ರೇಮಾ ಓಡಿ ಗೇಟಿನಲ್ಲಿ ಸಾಹೇಬರ ಮೋಟಾರ್‌ಸೈಕಲ್ ಹಿಡಿದ. "ಸಾರ್, ಬರೆದದ್ದು ನಿಜ ಅಂತ ಒಂದು ಮಾತು ಹೇಳಿ!"

"ನಿಜ ಕಣೋ ಗುಲಾಮ! ನನ್ನ ತಾಯಾಣೆ ನಿಜ!"

ಚಹಾ ಕಾಯಿಸುತ್ತಿದ್ದವರು, ಮಾವು ಮಾರುತ್ತಿದ್ದವರು, ಎಲ್ಲರೂ ತೊಡೆ ತಟ್ಟಿ ನಕ್ಕರು. ಆಣೆ ಇಟ್ಟಷ್ಟೂ ನಗು ಹೆಚ್ಚಿತು. ಸಾಹೇಬರು ಹೊರಟರು, ಕತ್ತೆಯ ಚೀಟಿ ಬೆನ್ನಲ್ಲೇ ಇತ್ತು.

ಸಂಜೆಗೆ ಕಚೇರಿಯಿಂದ ಉತ್ತರ ಬಂತು. ಈ ವರದಿ ನಡೆಯುವುದಿಲ್ಲ; ಗೇಲಿಯ ನಂಟಿಲ್ಲದ ಬೇರೊಬ್ಬ ಇನ್‌ಸ್ಪೆಕ್ಟರನ್ನು ಬರುವ ವರ್ಷ ಕಳಿಸುತ್ತೇವೆ, ಹೆಸರು ಕೋನೆ.

"ಕೋನೆನಾ?" ಎಂದ ತೊಗೊಲಾ, ನಗು ತಡೆಯಲಾರದೆ. "ಅಯ್ಯೋ ಮಾರಾಯ, ಜಾರಾ, ಕೋನೆ ಎರಡೂ ಒಂದೇ ಬುಡದ ಕೊಂಬೆ ಅಲ್ವೇನಯ್ಯ, ನಿಂಗೆ ಅಲ್ಲೂ ಅದೇ ಗೇಲಿ ನಂಟು!"

ಅಂದಿನ ಪಾಠ ನಿಜಕ್ಕೂ ಚೆನ್ನಾಗಿತ್ತೇ, ಸಾಹೇಬರು ಮನಸಾರೆ ಬರೆದರೇ? ನನಗೆ ಗೊತ್ತಿಲ್ಲ. ಬ್ರೇಮಾನಿಗೂ ಗೊತ್ತಿಲ್ಲ. ಕೇಳೋಣವೆಂದರೆ ಜಾರಾ ಸಾಹೇಬರು ಆಣೆ ಇಡುತ್ತಾರೆ.