ಹೊಟ್ಟೆಯ ಕ್ರಿಮಿ ಮತ್ತು ಹೊಸ ತಾಟು

ರೋಗ ಬಂದರೆ ಮರ್ಯಾದೆಯ ರೋಗ ಬರಬೇಕು. ಎದೆನೋವು ಎಂದರೆ ಜನ ಕುರ್ಚಿ ಕೊಟ್ಟು ನೀರು ತರುತ್ತಾರೆ. ಹೊಟ್ಟೆ ಉರಿಯುತ್ತದೆ ಎಂದರೆ ಮಾತ್ರ ನಮ್ಮ ಲಕ್ಷ್ಮೇಶ್ವರದಲ್ಲಿ ಎಲ್ಲರೂ ವೈದ್ಯರೇ: ಚಹಾ ಬಿಡು, ಬದನೆಕಾಯಿ ಬಿಡು, ಸಿಟ್ಟು ಬಿಡು. ಒಂದೊಂದೇ ಬಿಡುತ್ತಾ ಬಂದು, ಬಿಡಲು ಇನ್ನೇನೂ ಉಳಿಯದಾಗ ಗದುಗಿಗೆ ಹೋದೆ. ಹೊಸ ಜಿಲ್ಲೆಯಾದದ್ದರಿಂದ ಅಷ್ಟಾದರೂ ಉಪಕಾರವಾಗಿದೆ. ಗಂಟಲಲ್ಲಿ ದುರ್ಬೀನು ಇಳಿಸಿಕೊಳ್ಳಲು ಹುಬ್ಬಳ್ಳಿತನಕ ಹೋಗಬೇಕಿಲ್ಲ.

"ಇದು ಖಾರದ್ದಲ್ಲರಿ," ಎಂದರು ಡಾಕ್ಟರು. "ಹೊಟ್ಟ್ಯಾಗ ಒಂದು ಕ್ರಿಮಿ ಕುಂತೈತಿ. ಒಳಪದರಕ್ಕ ಬಾವು ಬಂದು ಹುಣ್ಣಾಗಾಕ ಹತ್ತೈತಿ. ಎಂಜಲಿನಿಂದ ಹರಡತೈತಿ, ಗುಳಿಗಿ ಮುಗಿಯೂತನಕ ಬ್ಯಾರೆ ತಾಟಿನ್ಯಾಗ ಉಣ್ಣರಿ. ಮನ್ಯಾಗ ಮತ್ತ್ಯಾರಿಗರ ಹಿಂಗ ಉರೀತಿದ್ರ ಕರಕೊಂಡು ಬರ್ರಿ."

ನನ್ನ ಅಣ್ಣನಿಗೂ ಹಾಗೇ ಉರಿಯುತ್ತಿತ್ತು. ನಾವು ನದಾಫರು, ಗಾದಿ ಹೊಲಿಯುವವರು. ಇಬ್ಬರದೂ ಒಂದೇ ಅಂಗಡಿ. ಮಧ್ಯಾಹ್ನ ಮೈಮೇಲಿನ ಹತ್ತಿ ಕೊಡವಿಕೊಂಡು ಒಂದೇ ದೊಡ್ಡ ತಾಟಿಗೆ ಎದುರುಬದುರು ಕೂತು ಉಣ್ಣುವುದು ಅಪ್ಪನ ಕಾಲದಿಂದ ಬಂದದ್ದು. ನಮ್ಮ ಮನೆತನದಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಮೊದಲು ಬೇರೆಯಾಗುವುದು ತಾಟು. ಗೋಡೆ ಏಳುವುದು ಆಮೇಲೆ. ಇದೆಲ್ಲ ಗೊತ್ತಿದ್ದೂ, 'ನಿನ್ನ ಎಂಜಲಿನಿಂದ ಬಂದಿರಬಹುದು' ಎಂದು ಹಿರಿಯನಿಗೆ ಹೇಗೆ ಹೇಳುವುದೆಂದು ಸಂಕೋಚಪಟ್ಟು, ನಾನೊಬ್ಬ ಮಹಾ ಜಾಣ, ಹೊಸ ಸ್ಟೀಲ್ ತಾಟು ತಂದು ತುಟಿ ಬಿಚ್ಚದೆ ಮೂಲೆಯಲ್ಲಿ ಕೂತು ಉಂಡೆ.

ಅಣ್ಣ ನೋಡಿದ. ಮುರಿದ ರೊಟ್ಟಿಯನ್ನು ಹಾಗೇ ಇಟ್ಟು ಕೈ ತೊಳೆದ. ಮರುದಿನ ಅವನು ಕರೆಸಿದ್ದಕ್ಕೆ ಮುಂಡರಗಿಯಿಂದ ಸೋದರಮಾವ ಬಂದಿಳಿದ, ಪಾಲು ಮಾಡಿಸಲು. ಆಗ ಗಾಬರಿಯಾಗಿ ಕ್ರಿಮಿಯ ಕಥೆಯನ್ನೆಲ್ಲ ಹೇಳಿದೆ. "ಹೊಟ್ಟ್ಯಾಗಿನ ಹುಳಕ್ಕ ಬ್ಯಾರೆ ತಾಟು ಯಾಕ ಬೇಕಲೇ? ಮನಸಿನ್ಯಾಗ ಏನೈತಿ ಅದನ್ನ ಹೇಳು," ಎಂದ ಮಾವ. ಅಣ್ಣ ಬಡಿಗನನ್ನು ಕರೆಸಿದ. ಅಂಗಡಿಯ ನಡುವೆ ಹಲಗೆ ಬಂತು.

ಗುಳಿಗೆ ಮುಗಿದ ಮೇಲೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, "ಕ್ರಿಮಿ ಹೋಗೇತ್ರಿ. ಇನ್ನ ಯಾರ ಜೋಡಿ ಬೇಕಾದ್ರೂ ಕೂತು ಉಣ್ಣರಿ," ಎಂದರು. ಯಾರ ಜೋಡಿ ಎಂದು ಬರೆದುಕೊಡಲಿಲ್ಲ. ಹಲಗೆಯ ಆಚೆ ಅಣ್ಣ ನರಳುವುದು, ಸೋಡಾ ತರಿಸುವುದು ಕೇಳಿಸುತ್ತಲೇ ಇತ್ತು. ಅವನ ಹೊಟ್ಟೆಯೊಳಗೆ ಏನಾಗುತ್ತಿದೆಯೆಂದು ನನಗೆ ಗೊತ್ತಿತ್ತಲ್ಲ, ಹೆದರಿಕೆಯಾಯಿತು. ನಾಚಿಕೆ ಬಿಟ್ಟು ಹೋದೆ.

"ಅಣ್ಣಾ, ಗದುಗಿಗೆ ಹೋಗೂಣು ಬಾ. ಗುಳಿಗಿಲೆ ಹೋಗೂ ರೋಗ ಐತಿ. ಹಂಗ ಬಿಟ್ರ ಹುಣ್ಣು ದೊಡ್ಡದಾಗತೈತಿ."

ಅವನು ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಪಾಲಿನ್ಯಾಗ ನನಗ ಬಂದದ್ದಿದು. ಇದನ್ನೂ ಕಸಗೊಳ್ಳಾಕ ಬಂದಿಯೇನು?"

ಹೊರಬಿದ್ದವನು ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಮಿರ್ಚಿ ಭಜಿ ತಿಂದೆ. ಹಾಳಾದ ಹೊಟ್ಟೆ, ಒಂದಿಷ್ಟೂ ಉರಿಯಲಿಲ್ಲ.