ಸೊರಟೂರ ಮೈದಾನದ ಉದ್ಘಾಟನಾ ಗೋಲು

ನನ್ನ ಅಕ್ಷರ ದುಂಡಗಿಲ್ಲ. ಓದಿದ್ದೂ ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ದೊಡ್ಡ ಸಂಗತಿಯನ್ನು ಹೇಳುವ ಪದಗಳು ನನ್ನ ಬಳಿ ಕಡಿಮೆ ಇರುವುದರಿಂದ, ಸಮಿತಿಯವರು ಮೈಕಿನಲ್ಲಿ ಬಳಸಿದ ಪದಗಳನ್ನೇ ಆದಷ್ಟು ಎರವಲು ತಂದಿದ್ದೇನೆ. ಕುಂದು ಕಂಡರೆ ಅದು ನನ್ನದೇ, ಸಮಿತಿಯಲ್ಲಿ ಕುಂದಿರುವುದಿಲ್ಲ.

ರವಿವಾರ ಫುಟ್‌ಬಾಲ್ ಸಮಿತಿಯಲ್ಲಿ ಹದಿನಾಲ್ಕು ಜನ ಪದಾಧಿಕಾರಿಗಳೂ ಎರಡು ತಂಡಗಳೂ ಇವೆ. ಒಂದು ಬೆಟಗೇರಿಯದು, ಇನ್ನೊಂದು ಶಿರಹಟ್ಟಿಯದು. ಇವೆರಡೂ ವರ್ಷದಲ್ಲಿ ಒಂದು ರವಿವಾರ ಸೊರಟೂರಿನ ಮೈದಾನದಲ್ಲಿ ಕಪ್ಪಿಗಾಗಿ ಆಡುತ್ತವೆ. ಉಳಿದ ರವಿವಾರಗಳಂದು ಸಮಿತಿಯ ಸಭೆ ಇರುವುದರಿಂದ ಆಟಕ್ಕೆ ಅವಕಾಶವಾಗುವುದಿಲ್ಲ. ಸಮಿತಿಯ ನಿಯಮ ಪುಸ್ತಕದಲ್ಲಿ ನಲವತ್ತೊಂದು ನಿಯಮಗಳಿದ್ದು, ಅವುಗಳಲ್ಲಿ ಎರಡು ಚೆಂಡಿಗೆ ಸಂಬಂಧಿಸಿವೆ. ಮಿಕ್ಕವು ಹಾರ, ಶಾಲು, ಕುರ್ಚಿಗಳ ಸಾಲು, ಮತ್ತು ಯಾರ ಹೆಸರನ್ನು ಯಾರ ಹೆಸರಿನ ನಂತರ ಕರೆಯಬೇಕೆಂಬುದನ್ನು ಕುರಿತವು.

ಒಂಬತ್ತನೆಯ ನಿಯಮದಂತೆ ನಲವತ್ತೈದು ವರ್ಷ ತುಂಬಿದವರು ಆಡತಕ್ಕದ್ದಲ್ಲ. ಬೆಟಗೇರಿ ತಂಡದ ಗೋಲಕೀಪರ ಮಹಬೂಬಸಾಬರಿಗೆ ಈ ವರ್ಷದ ಆಟದ ರವಿವಾರ ಕಳೆದು ಬರುವ ಬುಧವಾರಕ್ಕೆ ನಲವತ್ತೈದು ತುಂಬುವುದಿತ್ತು. ಅವರು ಗಾದಿ ಹೊಲಿಯುವವರು. ವಾರವೆಲ್ಲ ಹತ್ತಿ ತುಂಬಿ, ಆಟದ ರವಿವಾರ ಬೆಳಿಗ್ಗೆ ಕೂದಲಿನಲ್ಲಿ ಇನ್ನೂ ಹತ್ತಿಯ ಎಳೆಗಳಿರುವಾಗಲೇ ಮೈದಾನಕ್ಕೆ ಬರುತ್ತಿದ್ದರು. ಹತ್ತೊಂಬತ್ತು ವರ್ಷ ಗೋಲು ಕಾಯ್ದಿದ್ದರೂ ಅವರ ತಂಡ ಒಮ್ಮೆಯೂ ಗೆದ್ದಿರಲಿಲ್ಲ. ಹದಿನೈದು ಸಲ ಸೋಲಾಗಿತ್ತು. ನಾಲ್ಕು ಸಲ ಸಮವಾಗಿತ್ತು. ಅವುಗಳಲ್ಲಿ ಒಂದು ಸಲ ಶಿರಹಟ್ಟಿಯವರು ಬಂದೇ ಇರಲಿಲ್ಲ.

ಹೊರಡುವ ಮುನ್ನ ಅವರು ಹೆಂಡತಿ ಅಲ್ಮಾಸಬಿಗೆ, ಇದೊಂದು ಸಲ ಗೆದ್ದರೆ ಸಾಕು, ಆಮೇಲೆ ಸುಮ್ಮನೆ ಮನೆಯಲ್ಲಿ ಕೂರುತ್ತೇನೆ ಎಂದರು.

"ಗೆದ್ದ ಬರ್ರಿ," ಎಂದಳು ಆಕೆ. "ಸೋತ ಮಾರಿ ಹತ್ತೊಂಬತ್ತ ವರ್ಷ ನೋಡೇನಿ. ಅದನ್ನ ಇಟ್ಕೊಂಡು ದಿನಾ ಮನ್ಯಾಗ ಕುಂತ್ರಂದ್ರ ನಾ ತವರಮನಿಗೆ ಹೋಗಾಕಿ."

ಆಟವು ಒಂಬತ್ತು ಗಂಟೆಗೆ ಆರಂಭವಾಗಬೇಕಿತ್ತು. ಆದರೆ ಏಳನೆಯ ನಿಯಮದಂತೆ ಮುಖ್ಯ ಅತಿಥಿಗಳು ಚೆಂಡನ್ನು ಒದ್ದು ಗೋಲಿನೊಳಗೆ ಸೇರಿಸಿದ ನಂತರವೇ ಉದ್ಘಾಟನೆಯಾದಂತೆ. ಅತಿಥಿಗಳೆಂದರೆ ಮುಂಡರಗಿಯ ಉಳ್ಳಾಗಡ್ಡಿ ವ್ಯಾಪಾರಿ ಮುತ್ತಣ್ಣನವರು. ಈ ವರ್ಷದ ಕಪ್ಪನ್ನು ದಾನವಾಗಿ ಕೊಟ್ಟವರೂ ಅವರೇ. ಅದೇ ಬೆಳಿಗ್ಗೆ ಹಿರೇವಡ್ಡಟ್ಟಿಯಲ್ಲಿ ಒಂದು ಹಿಟ್ಟಿನ ಗಿರಣಿಯನ್ನೂ ಒಂದು ಕ್ಷೌರದ ಅಂಗಡಿಯನ್ನೂ ಉದ್ಘಾಟಿಸುವ ಜವಾಬ್ದಾರಿ ಅವರ ಮೇಲಿತ್ತು. ಸಮಿತಿಯ ಕಾರ್ಯದರ್ಶಿ ಹುಚ್ಚೀರಪ್ಪನವರು ಒಂಬತ್ತಕ್ಕೆ ಫೋನು ಮಾಡಿದಾಗ ಅತಿಥಿಗಳು ನಾಗಾವಿ ದಾಟಿದ್ದರು. ಒಂಬತ್ತೂವರೆಗೆ ಮಾಡಿದಾಗಲೂ ನಾಗಾವಿ ದಾಟಿದ್ದರು. ಒಂಬತ್ತೂ ಮುಕ್ಕಾಲಿಗೆ ಇನ್ನೇನು ನಾಗಾವಿ ದಾಟುವವರಿದ್ದರು.

ಇತ್ತ ಹನ್ನೊಂದು ಗಂಟೆಯಿಂದ ಆ ಮೈದಾನದಲ್ಲಿ ಮೆಣಸಿನಕಾಯಿ ಒಣಹಾಕುವುದು ಸೊರಟೂರಿನವರ ರೂಢಿ. ಮುದುಕವ್ವ ಎಂಬಾಕೆ ಆಗಲೇ ಚೀಲಗಳೊಂದಿಗೆ ಬಂದು ಗೆರೆಯ ಮೇಲೆ ಕುಳಿತಿದ್ದಳು. ರೆಫರಿಯಾಗಿದ್ದ ನಿವೃತ್ತ ಮಾಸ್ತರರು ಆಟ ಆರಂಭಿಸಲೇ ಎಂದು ಹುಚ್ಚೀರಪ್ಪನವರನ್ನು ಕೇಳಿದರು. ಹುಚ್ಚೀರಪ್ಪನವರ ಬಾಯಿಯಲ್ಲಿ ಆ ಸಮಯಕ್ಕೆ ಉಪ್ಪಿಟ್ಟು ಇದ್ದುದರಿಂದ ಅವರು ಕೈ ಎತ್ತಿದರು. ಮಾಸ್ತರರು ಅದನ್ನು ಅನುಮತಿ ಎಂದು ತಿಳಿದು ಸೀಟಿ ಊದಿದರು. ಆ ಕೈಯನ್ನು ಚಟ್ನಿಗಾಗಿ ಎತ್ತಲಾಗಿತ್ತು ಎಂಬುದು ತರುವಾಯ ನಡಾವಳಿಯಲ್ಲಿ ದಾಖಲಾಗಿದೆ.

ಹೀಗೆ ಆಟ ನಡೆಯಿತು. ಹತ್ತನೆಯ ನಿಮಿಷಕ್ಕೆ ಶಿರಹಟ್ಟಿಯವರ ಚೆಂಡು ಕಲ್ಲಿಗೆ ಬಡಿದು ದಿಕ್ಕು ಬದಲಿಸಿ ಮಹಬೂಬಸಾಬರ ಬಗಲಲ್ಲಿ ನುಸುಳಿತು. ಬೆಟಗೇರಿಯ ಕ್ಯಾಪ್ಟನ್ ವಸೀಮ, ಗ್ಯಾರೇಜಿನಲ್ಲಿ ಬೈಕು ರಿಪೇರಿ ಮಾಡುವವನು, ವಿರಾಮದ ಮೊದಲು ಒಂದು ಗೋಲು ತೀರಿಸಿದನು. ವಿರಾಮದ ನಂತರ ಇನ್ನೊಂದನ್ನು ತಲೆಯಿಂದ ಹೊಡೆದನು. ತಲೆ ಒಡೆಯಿತು, ಗೋಲೂ ಆಯಿತು. ಅಲ್ಲಿಂದ ಮುಂದೆ ಶಿರಹಟ್ಟಿಯವರು ಹನ್ನೊಂದೂ ಜನ ಒಂದೇ ಸಮನೆ ಮಹಬೂಬಸಾಬರ ಮೇಲೆ ಏರಿ ಬಂದರು. ಅವರು ಎದೆಯಿಂದ ತಡೆದರು, ಮೊಣಕಾಲಿನಿಂದ ತಡೆದರು, ಒಂದನ್ನು ಬೆನ್ನಿನಿಂದಲೂ ತಡೆದರು. ಕೊನೆಯ ನಿಮಿಷದಲ್ಲಿ ಶಿರಹಟ್ಟಿಯವರಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ನಿಂತ ಹುಡುಗ ಹತ್ತು ಹೆಜ್ಜೆ ಹಿಂದೆ ಸರಿದು ಓಡಿ ಬಂದನು. ಮಹಬೂಬಸಾಬರು ಕಣ್ಣು ಮುಚ್ಚಿ ಎಡಕ್ಕೆ ಬಿದ್ದರು. ಚೆಂಡು ಅವರ ಗದ್ದಕ್ಕೆ ಬಡಿದು ಹೊರಗೆ ಹೋಯಿತು. ಮಾಸ್ತರರು ಸೀಟಿ ಊದಿದರು. ಬೆಟಗೇರಿ ಎರಡು, ಶಿರಹಟ್ಟಿ ಒಂದು.

ಮಹಬೂಬಸಾಬರು ಬಿದ್ದಲ್ಲಿಂದ ಏಳಲಿಲ್ಲ. ಅಳುತ್ತಿರುವಂತೆ ಕಂಡರೂ, ಕಣ್ಣಲ್ಲಿ ಧೂಳು ಹೋಗಿದೆ ಎಂದು ವಸೀಮನಿಗೆ ತಿಳಿಸಿದರು. ಅಷ್ಟರಲ್ಲಿ ಹನ್ನೊಂದು ಬಡಿಯಿತು. ಮುದುಕವ್ವ ಮತ್ತು ಇತರರು ಶಿರಹಟ್ಟಿಯವರ ಗೋಲಿನಿಂದ ನಡುಗೆರೆಯವರೆಗೆ ಕೆಂಪಗೆ ಮೆಣಸಿನಕಾಯಿ ಹರವಿದರು.

ಹನ್ನೊಂದೂವರೆಗೆ ಮುತ್ತಣ್ಣನವರ ಕಾರು ಬಂದಿತು. ಹದಿನಾಲ್ಕು ಜನ ಪದಾಧಿಕಾರಿಗಳು ಕೈ ತೊಳೆದುಕೊಂಡು ಎದುರುಗೊಂಡರು. ವಸೀಮ ಹಣೆಯ ರಕ್ತ ಒರೆಸಿಕೊಂಡು ಹೋಗಿ, ಆಟ ಮುಗಿಯಿತು, ನಾವು ಗೆದ್ದೆವು ಎಂದನು. ಹುಚ್ಚೀರಪ್ಪನವರು ಮೈಕು ತೆಗೆದುಕೊಂಡು ಈ ಕೆಳಗಿನ ಪ್ರಕಟಣೆಯನ್ನು ಓದಿದರು:

"ಎಲ್ಲ ಕ್ರೀಡಾಭಿಮಾನಿಗಳ ಗಮನಕ್ಕೆ. ಇಂದು ಬೆಳಿಗ್ಗೆ ಈ ಮೈದಾನದಲ್ಲಿ ಕೆಲವರು ಚೆಂಡಿನೊಂದಿಗೆ ಓಡಾಡಿದ್ದು ಸಮಿತಿಯ ಗಮನಕ್ಕೆ ಬಂದಿದೆ. ಉದ್ಘಾಟನೆಯಾಗದ ಆಟವು ನಡೆದಿದ್ದರೂ ನಡೆದಂತೆ ಭಾವಿಸತಕ್ಕದ್ದಲ್ಲ. ಸದರಿ ಓಡಾಟವನ್ನು ಸಮಿತಿಯು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ."

ಶಿರಹಟ್ಟಿಯವರು ಮೊದಲು ಚಪ್ಪಾಳೆ ತಟ್ಟಿದರು.

ನಂತರ ಉದ್ಘಾಟನೆಗೆ ಅಣಿಯಾಯಿತು. ಒಂದು ಕಡೆ ಮೆಣಸಿನಕಾಯಿ ಇದ್ದುದರಿಂದ ಮಹಬೂಬಸಾಬರು ಕಾಯುತ್ತಿದ್ದ ಗೋಲಿಗೇ ಒದೆಯುವುದೆಂದು ಠರಾವಾಯಿತು. ಫೋಟೋದಲ್ಲಿ ಗೋಲು ಬೋಳು ಕಾಣಬಾರದೆಂದು ಅವರನ್ನೇ ಅದರ ಮುಂದೆ ನಿಲ್ಲಿಸಲಾಯಿತು. ಮುತ್ತಣ್ಣನವರು ಹಾರ ಹಾಕಿಕೊಂಡೇ ಚೆಂಡನ್ನು ಒದ್ದರು. ಚೆಂಡು ಉರುಳುತ್ತ ಬಂದಿತು. ಮಹಬೂಬಸಾಬರು ಬಗ್ಗಿ ಹಿಡಿದರು.

ಅತಿಥಿಗಳ ಚೆಂಡನ್ನು ತಡೆಯುವುದು ಎಷ್ಟು ಅನುಚಿತವೆಂಬುದನ್ನು ಪದಾಧಿಕಾರಿಗಳು ಒಬ್ಬೊಬ್ಬರಾಗಿ ಬಂದು ವಿವರಿಸಿದರು. ಮಹಬೂಬಸಾಬರು ಕ್ಷಮೆ ಕೇಳಿ, ಕೈ ತಾವಾಗಿಯೇ ಮುಂದೆ ಹೋದವು ಎಂದರು. ಎರಡನೆಯ ಸಲ ಕೈ ಕಟ್ಟಿಕೊಂಡು ನಿಂತರು. ಕಾಲು ಮುಂದೆ ಹೋಯಿತು. ಮೂರನೆಯ ಸಲ ಅವರು ಉಸಿರು ಬಿಗಿಹಿಡಿದು ಕಂಬದಂತೆ ನಿಂತರು. ಅತಿಥಿಗಳಿಗೆ ಅಷ್ಟರಲ್ಲಿ ದಣಿವಾಗಿತ್ತು. ಚೆಂಡು ಬಂದು ಮಹಬೂಬಸಾಬರ ಪಾದದ ಬಳಿ, ಗೆರೆಯಿಂದ ಒಂದು ಗೇಣು ಈಚೆಗೆ ನಿಂತುಬಿಟ್ಟಿತು.

ನಿಯಮ ಪುಸ್ತಕದಲ್ಲಿ ಇದಕ್ಕೆ ಪರಿಹಾರವಿರಲಿಲ್ಲ. ಅತಿಥಿಗಳನ್ನು ನಾಲ್ಕನೆಯ ಸಲ ಒದೆಯಿರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹುಚ್ಚೀರಪ್ಪನವರು ಗೋಲಿನ ಬಳಿ ಬಂದು ತಗ್ಗಿದ ದನಿಯಲ್ಲಿ ಮಾತಾಡಿದರು.

"ಸಾಬ್ರ, ಹಿಮ್ಮಡದಿಂದ ಒಂದೀಟ ಒಳಗ ಸರಸ್ರಿ."

"ನನ್ನ ಗೋಲಿನ್ಯಾಗ ನಾನ ಹ್ಯಾಂಗ ಹಾಕ್ಲಿರಿ?"

"ಅದು ಗೋಲಲ್ರಿ, ಉದ್ಘಾಟನಾ. ವಿಚಾರ ಮಾಡ್ರಿ. ಉದ್ಘಾಟನಾ ಆಗಲಿಲ್ಲಂದ್ರ ಆಟ ಸುರುನ ಆಗಂಗಿಲ್ಲ. ಸುರು ಆಗದ ಆಟ ಯಾರರ ಗೆದ್ದಾರೇನು? ಬುಧವಾರ ನಿಮಗ ನಲವತ್ತೈದು. ಒಳಗ ಸರಸಿದ್ರ ಆಟ ಸುರು ಆತು. ಆಮ್ಯಾಲ ಆಡ್ರಿ, ಗೆಲ್ರಿ, ಯಾರ ಬ್ಯಾಡಂತಾರ?"

"ಸರಸಬ್ಯಾಡ್ರಿ ಚಾಚಾ," ಎಂದ ವಸೀಮ. "ನಾವು ಗೆದ್ದೇವಿ. ಕಣ್ಣಿದ್ದವರೆಲ್ಲಾ ನೋಡ್ಯಾರ."

ಮಹಬೂಬಸಾಬರು ನೋಡಿದವರತ್ತ ತಿರುಗಿದರು. ಕಣ್ಣಿದ್ದವರೆಲ್ಲ ಅತಿಥಿಗಳನ್ನು ನೋಡುತ್ತಿದ್ದರು. ಮಹಬೂಬಸಾಬರು ಮುದುಕವ್ವನನ್ನು ಕೇಳಿದರು: "ಯವ್ವಾ, ನೀ ಬೆಳಿಗ್ಗಿಂದ ಇಲ್ಲೇ ಅದೀಯಲ್ಲ. ನಾವು ಆಡಿದ್ದು ಖರೆ ಹೌದಲ್ಲೋ?"

"ಆಡಿದ್ರಿ, ಬಿದ್ರಿ, ಎದ್ರಿ, ಎಲ್ಲಾ ಖರೆ," ಎಂದಳು ಮುದುಕವ್ವ. "ಆದ್ರ ಹಾರ ಹಾಕ್ಕೊಂಡವ್ರು ಒಬ್ಬರೂ ಇದ್ದಿದ್ದಿಲ್ಲ ಬಿಡಪಾ. ಜಲ್ದಿ ಮುಗಸ್ರಿ. ನನ್ನ ಕಾಯಿ ಹರವಾಕ ಈ ಕಡಿ ಜಾಗಾ ಬೇಕು."

ಇನ್ನೊಮ್ಮೆ ಗೆಲ್ಲಬಲ್ಲೆವು ಎಂದು ಮಹಬೂಬಸಾಬರಿಗೆ ಅನಿಸಿತು. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಅನಿಸಿದ್ದು ಅದೇ ಮೊದಲು. ಅವರು ಹಿಮ್ಮಡದಿಂದ ಚೆಂಡನ್ನು ಒಂದು ಗೇಣು ಹಿಂದಕ್ಕೆ ತಳ್ಳಿದರು. ಅದು ಗೆರೆ ದಾಟಿತು. ಫೋಟೋ ತೆಗೆಯಲಾಯಿತು. ಆಟ ಆರಂಭವಾಗಿದೆ ಎಂದು ಮೈಕಿನಲ್ಲಿ ಸಾರಲಾಯಿತು. ಮಹಬೂಬಸಾಬರು ಅಂಗೈಗೆ ಉಗುಳಿ, ಉಜ್ಜಿಕೊಂಡು, ಮೊಣಕಾಲು ಬಗ್ಗಿಸಿ ನಿಂತರು.

ಆಗ ಹನ್ನೆರಡು ಬಡಿಯಿತು. ಇಪ್ಪತ್ತಮೂರನೆಯ ನಿಯಮದಂತೆ ಹನ್ನೆರಡಕ್ಕೆ ಸಮಿತಿಯ ಊಟವು ಆರಂಭವಾಗತಕ್ಕದ್ದು, ಆಟವು ಆ ಕ್ಷಣಕ್ಕೆ ಮುಗಿದಿರತಕ್ಕದ್ದು. ಮಾಸ್ತರರು ಸೀಟಿ ಊದಿದರು. ಒಂದು ಗೋಲು ಆಗಿದ್ದುದರಿಂದ ಫಲಿತಾಂಶ ನಿಚ್ಚಳವಾಗಿತ್ತು.

ಗೋಲು ಯಾರದೆಂಬ ಪ್ರಶ್ನೆ ಎದ್ದಿತು. ಶಿರಹಟ್ಟಿಯವರು ಪ್ರಾಮಾಣಿಕರಾಗಿದ್ದು, ತಾವು ಒದ್ದಿಲ್ಲವೆಂದು ಒಪ್ಪಿದರು. ಬೆಟಗೇರಿಯವರು ತಮ್ಮ ಗೋಲಿಗೆ ತಾವೇ ಹಾಕಿಕೊಂಡು ಗೆಲ್ಲುವಂತಿರಲಿಲ್ಲ. ಆದ್ದರಿಂದ ಅತಿಥಿಗಳು ಒಂದು, ಬೆಟಗೇರಿ ಸೊನ್ನೆ, ಶಿರಹಟ್ಟಿ ಸೊನ್ನೆ ಎಂದು ಘೋಷಿಸಿ, ಮುತ್ತಣ್ಣನವರು ದಾನ ಕೊಟ್ಟ ಕಪ್ಪನ್ನು ಮುತ್ತಣ್ಣನವರ ಅಮೃತಹಸ್ತದಿಂದ ಮುತ್ತಣ್ಣನವರಿಗೆ ಪ್ರದಾನ ಮಾಡಲಾಯಿತು. ಇಷ್ಟು ಕಠಿಣ ಆಟವನ್ನು ತಾವು ಹಿಂದೆ ಆಡಿರಲಿಲ್ಲವೆಂದು ಅವರು ಗದ್ಗದಿತರಾಗಿ ಹೇಳಿದರು. ಹದಿನಾಲ್ಕು ಪದಾಧಿಕಾರಿಗಳಿಗೂ ಶಾಲು ಹೊದಿಸಲಾಯಿತು. ವಸೀಮನಿಗೆ ಹಣೆಯ ಮೇಲಿಟ್ಟುಕೊಳ್ಳಲು ಬಾಳೆ ಎಲೆಯ ಚೂರೊಂದನ್ನು ಕೊಡಲಾಯಿತು. ಕೊನೆಗೆ ಎರಡೂ ತಂಡದವರು ಚಪ್ಪಾಳೆ ತಟ್ಟಿದರು; ಮಹಬೂಬಸಾಬರೂ ತಟ್ಟಿದರು.

ಮನೆಯಲ್ಲಿ ಅಲ್ಮಾಸಬಿ ಬಾಗಿಲಲ್ಲೇ ಅವರ ಮಾರಿ ನೋಡಿದಳು. ಗೆದ್ದಿರೋ ಸೋತಿರೋ ತಿಳಿಯುತ್ತಿಲ್ಲವೆಂದಳು.

"ಗೆದ್ವಿ," ಎಂದರು ಅವರು. "ಆದ್ರ ಆಟ ಇನ್ನೂ ಸುರು ಆಗಿದ್ದಿಲ್ಲ. ಸುರು ಆಗೂದ್ರಾಗ ಮುಗೀತು."

ಆಕೆ ನಡೆದುದನ್ನೆಲ್ಲ ಕೇಳಿ, ವಿಚಾರ ಮಾಡಿ, ಹಾಗಿದ್ದರೆ ತಪ್ಪು ನಿಮ್ಮದೇ ಎಂದಳು. ಅತಿಥಿಗಳ ಕಡೆಯಿಂದ ಆಡಬೇಕಿತ್ತು. ಈ ಮಾತು ಮಹಬೂಬಸಾಬರಿಗೆ ಸರಿ ಎನಿಸಿತು. ಗುರುವಾರ, ಅಂದರೆ ನಲವತ್ತೈದು ತುಂಬಿದ ಮರುದಿನ, ಅವರು ಹುಚ್ಚೀರಪ್ಪನವರ ಮನೆಗೆ ಹೋಗಿ ಅತಿಥಿಗಳಿಗೆ ವಯಸ್ಸಿನ ಮಿತಿ ಇದೆಯೇ ಎಂದು ವಿಚಾರಿಸಿದರು. ಮಿತಿ ಇಲ್ಲ, ಆದರೆ ಅತಿಥಿಯಾಗುವವರು ಸಮಿತಿಗೆ ಏನಾದರೂ ದಾನ ಮಾಡಿರಬೇಕು. ಸಭೆಯ ಕುರ್ಚಿಗಳು ಬಹಳ ಗಟ್ಟಿ ಎಂದೂ ಹುಚ್ಚೀರಪ್ಪನವರು ಪ್ರಸ್ತಾಪಿಸಿದರು.

ಮಹಬೂಬಸಾಬರು ಈಗ ಹದಿನಾಲ್ಕು ಗಾದಿ ಹೊಲಿಯುತ್ತಿದ್ದಾರೆ. ಅವರ ಅರ್ಜಿಯು ಸಮಿತಿಯ ಪರಿಶೀಲನೆಯಲ್ಲಿದೆ. ವಸೀಮನು ದಿನಾಲು ಸಂಜೆ ಬಂದು, ಹಾರ ಹಾಕಿಕೊಂಡು ಮೆಲ್ಲಗೆ ಚೆಂಡು ಒದೆಯುವುದನ್ನು ಅವರಿಗೆ ಕಲಿಸುತ್ತಿದ್ದಾನೆ. ಕೈ ಮುಂದೆ ಹೋಗುವುದು ಬಹುಮಟ್ಟಿಗೆ ನಿಂತಿದೆ.

ಬರೆದದ್ದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.