ಮೂರು ಪದರದ ಜಂಬ

ಅಡುಗೆ ಮಾಡುವ ಗಂಡಸಿಗೆ ಹಸಿವಿಗಿಂತ ಹೊಗಳಿಕೆಯ ಚಿಂತೆಯೇ ಜಾಸ್ತಿ. ಹೆಂಗಸರು ದಿನವೂ ಬೇಯಿಸಿ ಹಾಕಿ ಸುಮ್ಮನಿರುತ್ತಾರೆ. ನಾವು ವರ್ಷಕ್ಕೊಮ್ಮೆ ಉಪ್ಪಿಟ್ಟು ಕೆದಕಿ, ತಿನ್ನುವವರ ಮುಖವನ್ನೇ ನೋಡುತ್ತ ಕೂರುತ್ತೇವೆ. ನಾನಂತೂ ಈ ವಿಷಯದಲ್ಲಿ ನಾಚಿಕೆ ಬಿಟ್ಟವನು, ಮೊದಲೇ ಹೇಳಿಬಿಡುತ್ತೇನೆ.

ಸ್ವೀಡನ್ನಿನ ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಶುಕ್ರವಾರದ ಫೀಕಾಕ್ಕೆ, ಅಂದರೆ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುವ ಹೊತ್ತಿಗೆ, ಸರದಿಯ ಮೇಲೆ ಒಬ್ಬೊಬ್ಬರು ತಿಂಡಿ ತರಬೇಕು. ಹಿಂದಿನ ಎರಡು ಸರದಿಯಲ್ಲೂ ನಾನು ಅಂಗಡಿಯ ಬನ್ನು ತಂದು ಕೈ ತೊಳೆದುಕೊಂಡಿದ್ದೆ. ಈ ಸಲ ಸ್ವಂತ ಕೈಯಡುಗೆ ಎಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಸುಮಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಸುಮ್ನೆ ಬನ್ ತಗೊಂಡ್ಹೋಗ್ರೀ. ಪಾಪ, ಅವರೇನ್ ತಪ್ಪು ಮಾಡಿದಾರೆ?” ಎಂದಳು. ಅಲ್ಲಿಗೆ ಇದು ತಿಂಡಿಯ ಪ್ರಶ್ನೆಯಾಗಿ ಉಳಿಯಲಿಲ್ಲ, ಮಾನದ ಪ್ರಶ್ನೆಯಾಯಿತು.

ಗಾಜಿನ ಬೋಗುಣಿಯ ತಳದಲ್ಲಿ ಶುಂಠಿ ಬಿಸ್ಕತ್ತಿನ ಪುಡಿ, ಅದರ ಮೇಲೆ ಗಟ್ಟಿ ಶ್ರೀಖಂಡ, ಎಲ್ಲಕ್ಕಿಂತ ಮೇಲೆ ಮಾವಿನ ರಸ. ಸೇಬು, ಪಿಯರ್, ಸ್ಟ್ರಾಬೆರಿಯ ಹೋಳುಗಳನ್ನು ಅದರಲ್ಲಿ ಅದ್ದಿ ತಿನ್ನುವುದು. ಮಾವಿನ ರಸ ಡಬ್ಬಿಯದು. ಮುಚ್ಚಳ ತೆಗೆದದ್ದಷ್ಟೇ ನನ್ನ ಶ್ರಮ. ಶ್ರೀಖಂಡಕ್ಕೆ ಮಾತ್ರ ಜೀವ ತೇದಿದ್ದೆ. ಮೊಸರು ಕಟ್ಟಲು ತೆಳು ಬಟ್ಟೆ ಸಿಗದೆ ನನ್ನ ಹಳೆಯ ಪಂಚೆಯನ್ನೇ ಹರಿದು, ಕುದಿಸಿ, ಒಣಗಿಸಿದೆ. ಗಂಟನ್ನು ಬಚ್ಚಲಿನ ನಲ್ಲಿಗೆ ನೇತುಹಾಕಿದ್ದರಿಂದ ಇಡೀ ದಿನ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಆರು ವರ್ಷದ ಮಗಳು ಇಣುಕಿ ನೋಡಿ, ಸ್ವೀಡಿಷ್‌ನಲ್ಲಿ ಏನೋ ಅಂದು, ಮೂಗು ಮುಚ್ಚಿಕೊಂಡು ಹೋದಳು. ಆದರೇನು, ಏಲಕ್ಕಿ, ಕೇಸರಿ ಹಾಕಿ ಕಡೆದು, ಮೂರೂ ಪದರಗಳು ಗಾಜಿನಾಚೆ ಗೆರೆ ಎಳೆದ ಹಾಗೆ ಕೂತಾಗ ನನ್ನ ಎದೆ ಉಬ್ಬಿತು. ಆ ಗೆರೆ ಕದಡಬಾರದೆಂದು ಟ್ರಾಮಿನ ಪ್ರತಿ ತಿರುವಿನಲ್ಲೂ ಬೋಗುಣಿಯನ್ನು ನೆಟ್ಟಗೆ ಹಿಡಿದು ನಾನೇ ವಾಲಿದೆ.

ನಮ್ಮ ಟೀಮಿನ ಮುಖ್ಯಸ್ಥೆ ಇಂಗ್ರಿಡ್ ಮೊದಲು ಬಂದಳು. ಸೇಬಿನ ಹೋಳಿನ ತುದಿಯನ್ನು ಮೇಲಷ್ಟೇ ಮುಟ್ಟಿಸಿ ತಿಂದು, “ಎಂಥ ಒಳ್ಳೆಯ ಮಾವು” ಎಂದಳು. ಅವಳ ಹಿಂದಿನವರೂ ಅಷ್ಟೆ. ಹಿಂದೆ ನಿಂತವರ ಪಾಲನ್ನು ಕೆಡಿಸುವ ಜನವಲ್ಲ ಇವರು. ಅಷ್ಟು ಅಚ್ಚುಕಟ್ಟಾದ ಗೆರೆಯನ್ನು ಮುರಿಯಲು ಯಾರಿಗೂ ಮನಸ್ಸಾಗಲಿಲ್ಲ. ಎಂಟು ಜನ ಸಾಲಾಗಿ ಬಂದು ಡಬ್ಬಿಯನ್ನು ಹೊಗಳಿ ಹೋದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಅಷ್ಟರಲ್ಲಿ ಟೀಮಿನ ಇನ್ನೊಬ್ಬ ಕನ್ನಡಿಗ, ಮಂಗಳೂರಿನ ಪ್ರವೀಣ, ಕಿವಿಯ ಹತ್ತಿರ ಬಂದು, “ಕೆಳಗಿರೋದು ಡೆಕೊರೇಶನ್ನಾ ಮಾರಾಯ್ರೇ?” ಎಂದ.

ಇನ್ನು ತಡೆಯಲಾಗಲಿಲ್ಲ. “ನಮ್ಮ ಕಡೆ ಇದನ್ನು ಹೀಗೆ ತಿನ್ನುತ್ತಾರೆ” ಎಂದು ದೊಡ್ಡ ಚಮಚವನ್ನು ತಳಕ್ಕಿಳಿಸಿ, ಸಾರನ್ನ ಕಲಸುವ ಹಾಗೆ ಕಲಸಿಬಿಟ್ಟೆ. ಮೂರು ಪದರ ಹೋಗಿ ಮಣ್ಣಿನ ಬಣ್ಣದ ಒಂದು ಮುದ್ದೆ ಉಳಿಯಿತು. ಆಮೇಲೆ ಇಂಗ್ರಿಡ್ ಧೈರ್ಯ ಮಾಡಿ ಸ್ಟ್ರಾಬೆರಿಯೊಂದನ್ನು ಅದ್ದಿದಳು. ಇಲ್ಲಿನ ಬನ್ನಿನಲ್ಲೂ ಏಲಕ್ಕಿಯೇ ಇರುವುದರಿಂದ ನಾಲಿಗೆಗೆ ಗುರುತು ಸಿಕ್ಕಿರಬೇಕು. ಹತ್ತೇ ನಿಮಿಷದಲ್ಲಿ ಬೋಗುಣಿ ಖಾಲಿ. ಇಂಗ್ರಿಡ್ ರೆಸಿಪಿ ಬರೆದುಕೊಳ್ಳುತ್ತ, ಮೊಸರು ಬಸಿದದ್ದು ಯಾವುದರಲ್ಲಿ ಎಂದು ಕೇಳಿದಾಗ, “ಊರಿನಿಂದ ತಂದ ವಿಶೇಷ ಹತ್ತಿ ಬಟ್ಟೆ” ಎಂದೆ. ಅವಳು ಅದನ್ನೂ ಬರೆದುಕೊಂಡಳು.

ಖಾಲಿ ಬೋಗುಣಿಯನ್ನು ಸುಮಾಳ ಲ್ಯಾಪ್‌ಟಾಪಿನ ಪಕ್ಕಕ್ಕೇ ಒಯ್ದು ಇಟ್ಟೆ. “ಲೇಯರ್ಸ್ ನೋಡಿ ಏನಂದ್ರು?” ಎಂದಳು. “ರೆಸಿಪಿ ಕೇಳಿದ್ರು ಕಣೇ” ಎಂದು ಬೀಗಿದೆ. ಒಂದು ವಾರ ಮನೆಯಲ್ಲಿ ನನ್ನದೇ ದರ್ಬಾರು.

ಮುಂದಿನ ಶುಕ್ರವಾರ ಇಂಗ್ರಿಡ್‌ಳ ಸರದಿ. ಅದೇ ಬಿಸ್ಕತ್ತು, ಅದೇ ಮೊಸರು, ಅದೇ ಮಾವು. ಎಲ್ಲವನ್ನೂ ಮನೆಯಲ್ಲೇ ಚೆನ್ನಾಗಿ ಕಲಸಿ ತಂದಿದ್ದಳು. ಕೆಲಸಕ್ಕೆ ಹೊಸದಾಗಿ ಸೇರಿದವನೊಬ್ಬ, ಇದನ್ನು ಪದರ ಪದರವಾಗಿ ಜೋಡಿಸಿದ್ದರೆ ನೋಡಲು ಚೆನ್ನಾಗಿರುತ್ತಿತ್ತಲ್ಲ ಎಂದ. “ಪದರ ಮಾಡಿದರೆ ಅದು ಅಸಲಿ ಅಲ್ಲ” ಎಂದು ತಿದ್ದಿ, ಇಂಗ್ರಿಡ್ ನನ್ನ ಕಡೆ ನೋಡಿದಳು. ಎಲ್ಲರೂ ನೋಡಿದರು. ನಾನು ಸೇಬಿನ ಹೋಳನ್ನು ನಿಧಾನವಾಗಿ ಅದ್ದಿ, ತಿಂದು, ತಜ್ಞನ ಗತ್ತಿನಲ್ಲಿ ಹೇಳಿದೆ: “ನಮ್ಮ ಮನೆಯಲ್ಲಂತೂ ಯಾರೂ ಪದರ ಮಾಡುವುದಿಲ್ಲ.”